ಏನೂ ಹೇಳದಿದ್ದರೆ

ಪರ್ಕಳ
21 ಜೂನ್ 2024, ಶುಕ್ರವಾರ

ನನ್ನ ಯಶ್ಮೀ,

ಹೇಗಿದ್ದೀ? ಮಾವನ ಮೊಣಕಾಲು ನೋವು ಇಳಿಯಿತಾ? ಮೋಕ್ಷಾಳ ಶೀತ? ಕಾಪುವಿನ ಗಾಳಿಗೆ ಅವಳ ಕಿವಿ ಮುಚ್ಚಿಯೇ ಇಡು. ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಅಪ್ಪ ಅನ್ನಿಸಿಕೊಂಡವನು ಹೇಳಬೇಕಲ್ಲ. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಿನ್ನ ತಮ್ಮ ಜಿತೇಶ್ ಸಂಜೆ ಈ ದಾರಿಯಾಗಿ ಕಾಪುವಿಗೆ ಹೋಗುವವ, ಅವನ ಕೈಯಲ್ಲಿ ಕೊಡುತ್ತೇನೆ.

ನೀನು ಸಿಟ್ಟು ಮಾಡಿ ತವರಿಗೆ ಹೊರಟದ್ದು ನಿನಗೆ ನಿಟ್ಟೆಯಲ್ಲಿ ಸಿಕ್ಕಿದ ಕೆಲಸದ ವಿಷಯಕ್ಕೆ. ಸೋಮವಾರ ಸೇರದಿದ್ದರೆ ಅದು ಬೇರೆಯವರ ಪಾಲಾಗುತ್ತದೆ, ಅದೂ ಗೊತ್ತು. ಅಮ್ಮನ ಎದುರು ನಾನು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. "ನಿಮ್ಮ ‘ನೋಡುವ’ ಕೇಳಿ ಕೇಳಿ ಸಾಕಾಯಿತು" ಎಂದು ನೀನು ಬಟ್ಟೆ ತುಂಬಿಸುತ್ತಿದ್ದೆ. ನಾನು ಆಗಲೂ ಲ್ಯಾಪ್‌ಟಾಪ್ ಮುಚ್ಚಲಿಲ್ಲ.

ಅದರಲ್ಲಿ ಎಂತ ಇತ್ತು ಗೊತ್ತಾ? ಆಫೀಸಿಗಾಗಿ ಬರೆದ ಚಿಕ್ಕ ಚಿಕ್ಕ ಪ್ರೋಗ್ರಾಮುಗಳು. ಒಂದು ಫೈಲುಗಳ ಹೆಸರು ಬದಲಿಸುತ್ತದೆ, ಒಂದು ಹಳೆಯ ಫೈಲುಗಳನ್ನು ಅಳಿಸುತ್ತದೆ. ಕಪ್ಪು ಪರದೆಯಲ್ಲಿ ಪ್ರೋಗ್ರಾಮಿನ ಹೆಸರು ಟೈಪ್ ಮಾಡಿ, ಪಕ್ಕದಲ್ಲಿ ‘ಅಳಿಸಬೇಡ, ಬರೇ ತೋರಿಸು’ ಎಂಬಂಥ ಆಯ್ಕೆ ಕೊಟ್ಟರೆ ಅದು ಹಾಗೆ ನಡೆದುಕೊಳ್ಳಬೇಕು. ಆ ಆಯ್ಕೆಗಳನ್ನು ಓದಿ ಅರ್ಥ ಮಾಡಿಕೊಳ್ಳಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್ ಸಿಗುತ್ತದೆ, ಲೈಬ್ರರಿ ಎನ್ನುತ್ತಾರೆ. ಯಾವುದನ್ನು ಹಾಕುವುದು ಎಂದು ಇವತ್ತಿಗೂ ತೀರ್ಮಾನವಾಗಿಲ್ಲ. ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವುದು ಗಟ್ಟಿ, ಆದರೆ ಎರಡು ಆಯ್ಕೆಗೆ ಪುಟಗಟ್ಟಲೆ ಬರೆಸುತ್ತದೆ. ಇನ್ನೊಂದು ಚಂದ ಉಂಟು, ಆದರೆ ತನಗೆ ಬೇಕಾದ ಬೇರೆ ಲೈಬ್ರರಿಗಳನ್ನೂ ನೆಂಟರಿಷ್ಟರ ಹಾಗೆ ಕಟ್ಟಿಕೊಂಡು ಬರುತ್ತದೆ. ಮತ್ತೊಂದಕ್ಕೆ ಬಳಸುವ ಕ್ರಮ ಬರೆದುಕೊಟ್ಟರೆ ಸಾಕು, ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಅದನ್ನು ಮಾಡಿದ ಪುಣ್ಯಾತ್ಮರು ಮಾತ್ರ ವರ್ಷಗಳಿಂದ ಅತ್ತ ತಿರುಗಿ ನೋಡಿಲ್ಲ. ಒಂದೇ ಪ್ರೋಗ್ರಾಮನ್ನು ಮೂರರಲ್ಲೂ ಬರೆದೆ. ಪಕ್ಕದ ಮೇಜಿನ ತಿಲಕ್ ನಗುತ್ತಾನೆ, "ಎಂತ ಮಾರಾಯ, ಅಂಗಡಿಗಿಂತ ಬೋರ್ಡೇ ದೊಡ್ಡದಾಯಿತಲ್ವಾ?" ಎಂದು.

ಮೂರರಲ್ಲೂ ಒಂದೇ ಕಡೆ ಸಿಕ್ಕಿಬಿದ್ದೆ. ಬಳಸುವವರು ಏನೂ ಹೇಳದಿದ್ದರೆ ಏನಾಗಬೇಕು ಎಂಬುದನ್ನು ಮೊದಲೇ ಬರೆದಿಡಬೇಕು. ಅಳಿಸುವುದಾ, ಬಿಡುವುದಾ? ಬೆರಳೇ ಓಡಲಿಲ್ಲ ಯಶ್ಮೀ. ನಮ್ಮ ಮನೆಯಲ್ಲಿ ನಾನು ಏನೂ ಹೇಳದಿದ್ದಾಗಲೆಲ್ಲ ಅಮ್ಮನ ಇಷ್ಟವೇ ನಡೆಯುತ್ತದೆ. ಇದು ಹೊಳೆದದ್ದು ಆಗಲೇ. ಆದರೆ ಹೊಳೆದು ಏನು ಪ್ರಯೋಜನ? ಅಮ್ಮನ ಮುಂದೆ ನಿಂತರೆ ಮತ್ತೆ ಲ್ಯಾಪ್‌ಟಾಪಿನ ಕಡೆಗೇ ತಿರುಗುತ್ತೇನೆ. ನಾನೆಂತ ಮಾಡಲಿ, ನೀನೇ ಹೇಳು.

ಅತ್ತೆ ಮಾವನಿಗೆ ನಮಸ್ಕಾರ ತಿಳಿಸು. ಮೋಕ್ಷಾಳ ಕೆನ್ನೆಗೆ ಒಂದು ಮುತ್ತು ಕೊಡು.

ಏನೂ ತೋಚದ ನಿನ್ನ
ಸುಕೇಶ್

ತಾ.ಕ.: ಕಾಗದ ಮಡಚಿ ಎದ್ದವನು ಅಡುಗೆಮನೆಗೆ ಹೋಗಿ ಹೇಳಿಯೇಬಿಟ್ಟೆ, ಯಶ್ಮಿತಾ ಸೋಮವಾರ ಕೆಲಸಕ್ಕೆ ಸೇರಲಿ ಎಂದು. ಅಮ್ಮ ಸೌಟು ಕೆಳಗಿಟ್ಟರು. "ಸೇರಲಿ. ನಾನೆಲ್ಲಿ ಬೇಡ ಅಂದೆ? ಮಗುವನ್ನು ಯಾರು ನೋಡಿಕೊಳ್ಳುವುದು ಅಂತ ಕೇಳಿದೆ, ನೀನು ಬಾಯಿ ಬಿಡಲಿಲ್ಲ. ನಿನಗೇ ಮನಸ್ಸಿಲ್ಲ ಅಂತ ತಿಳಿದು ನಾನೂ ಸುಮ್ಮನಾದೆ." ಜಿತೇಶ್ ಬಂದು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಭಾನುವಾರವೇ ಬಾ ಯಶ್ಮೀ. ಈ ಮನೆಯಲ್ಲಿ ಬೇಡ ಎಂದವನು ನಾನೊಬ್ಬನೇ, ಅದೂ ಬಾಯಿ ತೆರೆಯದೆ.