ಏಕವಚನ

ಸೋಸಲೆ, ೧೨ ಆಗಸ್ಟ್ ೨೦೨೫, ಮಂಗಳವಾರ

ಅನ್ಯಾಯ ಎಂದರೇನು ಎಂದು ಬೆಳಿಗ್ಗೆ ಒಂಬತ್ತನೇ ತರಗತಿಗೆ ಮುಕ್ಕಾಲು ಗಂಟೆ ಕೊರೆದೆ. ಸಂಜೆ ನಮ್ಮ ಹಸುಗಳಿಗೆ ಹುಲ್ಲು ತಂದ ಮಹದೇವಯ್ಯನನ್ನು ಎಂದಿನಂತೆ, “ಏ ಮಾದೇವ, ಬಾರೋ ಇಲ್ಲಿ” ಎಂದು ಕೂಗಿದೆ. ಎಪ್ಪತ್ತು ದಾಟಿದ ಮುದುಕ, “ಬಂದೆ ಬುದ್ಧಿ” ಎಂದ.

ಹಿಂದೆಯೇ ಮೊಮ್ಮಗಳು ಕವನ ನಿಂತಿದ್ದಳು, ನನ್ನದೇ ತರಗತಿಯವಳು.

“ಸಾ, ಕ್ಲಾಸಲ್ಲಿ ನನ್ನೇ ಬಾಮ್ಮ ಅಂತೀರಿ. ನಮ್ ತಾತನ್ನ ಯಾಕ್ ಸಾ ಬಾರೋ ಅನ್ನೋದು?”

“ಸುಮ್ಕಿರವ್ವ,” ತಾತ ಗದರಿದ. “ಬುದ್ಧಿಯೋರು ಮಾತು ಕಲ್ತಾಗಿಂದ್ಲೂ ಅಂಗೇ ಕರೆಯೋದು.”

ನನ್ನ ಪರವಾಗಿಯೇ ಮಾತಾಡಿದ. ಅದೇ ಚುಚ್ಚುತ್ತಿದೆ.

ಬರೆದದ್ದನ್ನು ಈಗ ಓದಿಕೊಂಡೆ. ಯಾರೂ ನೋಡದ ಈ ಪುಸ್ತಕದಲ್ಲೂ ‘ಎಂದ’, ‘ಗದರಿದ’ ಎಂದೇ ಬರೆದಿದ್ದೇನೆ. ನಾಚಿಕೆಯಾಗುತ್ತದೆ. ನಾಳೆ ಅವನು ಬಂದಾಗ ‘ಬನ್ನಿ’ ಎನ್ನಬೇಕು.

ಅವನು. ಮತ್ತೆ ಅವನು.