ಬೇಕೆಂದೇ ಹಾಕಿದ ಅಡ್ಡಗಾಲು

ಹಾರ್ಸ್ಟಾಡ್
ಮೇ ೩

ಪ್ರಿಯ ಐವಿಂಡ್,

ನಮ್ಮ ಫುಟ್‌ಬಾಲ್ ಕ್ಲಬ್ಬಿನವರು ಹೊಸ ಮೈದಾನಕ್ಕೆ ನನ್ನ ಹೆಸರಿಡಲು ಹೊರಟಿದ್ದರು. ನಿನ್ನೆ ಹೋಗಿ ಬೇಡವೆಂದೆ, ಕಾರಣವನ್ನೂ ಹೇಳಿದೆ. ಅದು ಊರಿನವರ ಬಾಯಿಂದ ನಿನ್ನ ಕಿವಿಗೆ ಬೀಳಬಾರದು.

ನಮಗಾಗ ಹತ್ತೊಂಬತ್ತು ವರ್ಷ. ಜರ್ಮನಿಯ ಒಂದು ಕ್ಲಬ್ಬಿನವರು ನಿನ್ನ ಆಟ ನೋಡಲು ಬರುವ ಹಿಂದಿನ ದಿನ, ಅಭ್ಯಾಸದಲ್ಲಿ ನಾನು ನಿನ್ನ ಮೇಲೆ ಬಿದ್ದೆ. ಹಿಮ ಕರಗಿದ ನೆಲದಲ್ಲಿ ಕಾಲು ಜಾರಿತು ಎಂದು ಎಲ್ಲರಿಗೂ ಹೇಳಿದೆ. ನಾನು ಜಾರಿರಲಿಲ್ಲ, ಐವಿಂಡ್. ಚೆಂಡು ಆಗಲೇ ದೂರ ಹೋಗಿತ್ತು. ನಾನು ಗುರಿಯಿಟ್ಟದ್ದು ನಿನ್ನ ಮಂಡಿಗೆ.

ಆಸ್ಪತ್ರೆಯಲ್ಲಿ ನೀನೇ ನನಗೆ ಸಮಾಧಾನ ಹೇಳಿದೆ: "ಅಳಬೇಡ್ವೋ ಕತ್ತೆ, ನೀನೇನು ಬೇಕಂತ ಮಾಡಿದ್ಯಾ? ನಾಳೆ ನನ್ನ ಜಾಗದಲ್ಲಿ ನೀನು ಆಡು. ಕೆಟ್ಟದಾಗಿ ಆಡಿದ್ಯೋ, ಈ ಊರುಗೋಲಲ್ಲೇ ಬಾರಿಸ್ತೀನಿ!"

ಚೆನ್ನಾಗಿಯೇ ಆಡಿದೆ. ಅವರು ನನ್ನನ್ನು ಕರೆದೊಯ್ದರು. ಹದಿನಾಲ್ಕು ವರ್ಷ ಅಲ್ಲಿ ಆಡಿದೆ, ದೇಶಕ್ಕೂ ಆಡಿದೆ. ಪ್ರತಿ ಗೋಲಿಗೂ ನೀನು ಬರೆದ ಕಾರ್ಡುಗಳು ನನ್ನ ಬಳಿಯಿವೆ. ಒಂದಕ್ಕೂ ಉತ್ತರ ಬರೆಯಲು ಕೈ ಬರಲಿಲ್ಲ.

ಕ್ಷಮೆ ಕೇಳುವ ಮುಖ ನನಗಿಲ್ಲ. ಶನಿವಾರ ನೀನು ನಡೆಸುವ ಹತ್ತು ಗಂಟೆಯ ಲಾಂಚಿಗೆ ಬಂದು ನಿಲ್ಲುತ್ತೇನೆ. ಹತ್ತಿಸಿಕೊಳ್ಳಲು ಮನಸ್ಸಾಗದಿದ್ದರೆ ನನ್ನನ್ನು ದಡದಲ್ಲೇ ಬಿಟ್ಟು ಹೊರಡು. ಮುಂದಿನ ಶನಿವಾರ ಮತ್ತೆ ಬರುತ್ತೇನೆ.

ಇಂತಿ,
ಹಾಲ್ವರ್