ಎರಡನೆಯ ನಿಯಮಕ್ಕೆ ಎದ್ದ ಒಂದೇ ಕೈ

ರಾಸ್ ತನೂರಾ
14 ಫೆಬ್ರವರಿ 1986, ಶುಕ್ರವಾರ

ಪ್ರೀತಿಯ ಝಾಹಿದಾ,

ಅಸ್ಸಲಾಮು ಅಲೈಕುಮ್. ನೀನು, ಉಮ್ಮ, ಅಕ್ಕ, ನಮ್ಮ ಆಯಿಶತ್ ಎಲ್ಲರೂ ಆರೋಗ್ಯವಾಗಿದ್ದೀರಷ್ಟೆ? ಉಮ್ಮನ ಮಂಡಿನೋವು ಈಗ ಹೇಗಿದೆ? ಹಿಂದಿನ ಸಲ ಕಳಿಸಿದ ಮುಲಾಮನ್ನು ಅವರು ನೆರೆಕರೆಯವರಿಗೆಲ್ಲ ಹಂಚಿದರೆಂದು ನೀನು ಬರೆದಿದ್ದೆ. ಈ ಸಲ ಎರಡು ಡಬ್ಬಿ ಕಳಿಸುತ್ತೇನೆ, ಒಂದು ಹಂಚಲಿಕ್ಕೆ, ಒಂದು ಹಚ್ಚಲಿಕ್ಕೆ. ಆಯಿಶತ್‌ಳ ಕೆಮ್ಮು ಬಿಟ್ಟಿತೇ? ರಾತ್ರಿ ಅವಳಿಗೆ ಐಸ್‌ಕ್ಯಾಂಡಿ ಕೊಡಿಸುವ ಅಭ್ಯಾಸ ನಿನ್ನ ತಮ್ಮನಿಗಿದೆ, ಅವನ ಕಿವಿ ಹಿಂಡು.

ನಾನು ಚೆನ್ನಾಗಿದ್ದೇನೆ. ಇಲ್ಲಿ ಚಳಿ ಇನ್ನೂ ಬಿಟ್ಟಿಲ್ಲ. ಉಮ್ಮನಿಗೆ ಹೇಳಿದರೆ, ಬೆಂಕಿ ಆರಿಸುವವನಿಗೆ ಎಂತ ಚಳಿ ಎಂದು ಕೇಳುತ್ತಾರೆ. ಈ ತಿಂಗಳು ದೊಡ್ಡ ಬೆಂಕಿ ಒಂದೂ ಬಿದ್ದಿಲ್ಲ, ಅಲ್‌ಹಮ್ದುಲಿಲ್ಲಾ. ಬೆಳಿಗ್ಗೆ ನೀರಿನ ಪೈಪು ಬಿಡಿಸುವುದು, ಹಾಯಿಸಿ ನೋಡುವುದು, ಒಣಗಿಸುವುದು, ಮತ್ತೆ ಸುತ್ತಿಡುವುದು. ಸಂಬಳಕ್ಕೆ ನೀರು ಬಿಡುವ ಕೆಲಸ, ಅಷ್ಟೇ.

ಉಮ್ಮನಿಗೂ ಅಕ್ಕನಿಗೂ ಓದಿ ಹೇಳುವುದನ್ನು ಇಲ್ಲಿಗೆ ನಿಲ್ಲಿಸು. ಪತ್ರ ಬಂತೆಂದರೆ ಜಗಲಿಯಲ್ಲಿ ಎಲ್ಲರೂ ಸುತ್ತ ಕೂರುತ್ತೀರಿ, ನನಗೆ ಗೊತ್ತಿದೆ. ಕಾಗದ ಇಷ್ಟು ದಪ್ಪ ಇದೆ, ಓದಿದ್ದು ಇಷ್ಟೇಯಾ ಎಂದು ಉಮ್ಮ ಕೇಳಿದರೆ ಸುಮ್ಮನೆ ನಾಚಿಕೊ. ಅವರೇ ಅರ್ಥ ಮಾಡಿಕೊಂಡು ಒಳಗೆ ಹೋಗುತ್ತಾರೆ.

ಈಗ ಸಂಗತಿ. ಎಣ್ಣೆಯ ಬೆಲೆ ಬಿದ್ದಾಗಿನಿಂದ ನಮ್ಮ ಕಂಪೆನಿಯಲ್ಲಿ ಎಲ್ಲದಕ್ಕೂ ಕತ್ತರಿ ಹಾಕುತ್ತಿದ್ದಾರೆ. ಮಂಗಳವಾರ ರಿಯಾದಿನ ಹೆಡ್ ಆಫೀಸಿನಿಂದ ಒಬ್ಬ ಈಜಿಪ್ಟಿನ ಸಾಹೇಬ ಬಂದ. ನಮ್ಮನ್ನೆಲ್ಲ ಬೆಂಕಿ ಗಾಡಿಗಳ ಮುಂದೆ ಸಾಲಾಗಿ ನಿಲ್ಲಿಸಿ ಇಂಗ್ಲಿಷಿನಲ್ಲಿ ಮಾತಾಡಿದ. ನಮ್ಮ ಪಾಳಿಯ ಮೇಸ್ತ್ರಿ, ಉಡುಪಿ ಕಡೆಯ ಪ್ಲಾಸಿಡರು ಅದನ್ನು ಹಿಂದಿಯಲ್ಲಿ ಹೇಳಿದರು. ನಮ್ಮಲ್ಲಿ ಯಾರಾದರೂ ಕೆಲಸದ ಮೇಲೆ ಬೆಂಕಿಯಲ್ಲಿ ತೀರಿಹೋದರೆ ಹೆಂಡತಿಗೆ ತಿಂಗಳು ತಿಂಗಳು ಪಿಂಚಣಿ ಬರುತ್ತದಲ್ಲ, ಅದರ ನಿಯಮ ಬದಲಿಸುತ್ತಾರಂತೆ. ಎರಡು ದಾರಿ ಇಟ್ಟಿದ್ದಾರೆ. ಮೊದಲನೆಯದರಲ್ಲಿ ಪಿಂಚಣಿ ಈಗಿನಷ್ಟೇ, ಆದರೆ ಅವಳು ಮತ್ತೆ ಮದುವೆಯಾದರೆ ಅವತ್ತಿಗೇ ಬಂದ್. ಎರಡನೆಯದರಲ್ಲಿ ಸ್ವಲ್ಪ ಕಡಿಮೆ, ಆದರೆ ಅವಳು ಮದುವೆಯಾಗಲಿ ಬಿಡಲಿ, ಬದುಕಿರುವವರೆಗೂ ಬರುತ್ತದೆ. ಯಾರಿಗೆ ಯಾವುದು ಬೇಕೋ ಕೈ ಎತ್ತಿ ಎಂದ ಸಾಹೇಬ.

ನಮ್ಮ ಗಂಡಸರ ಬುದ್ಧಿ ನೋಡು ಮಾರಾಯ್ತಿ. ಎರಡನೆಯದಕ್ಕೆ ಕೈ ಎತ್ತಿದರೆ ‘ನಾನು ಹೋದ ಮೇಲೆ ನನ್ನ ಹೆಂಡತಿ ಇನ್ನೊಬ್ಬನ ಮನೆಗೆ ಹೋಗುತ್ತಾಳೆ’ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡ ಹಾಗೆ. ಮಾನದ ಪ್ರಶ್ನೆ! ಪಠಾಣರು, ಮಲಯಾಳಿಗಳು, ನಮ್ಮ ಊರಿನವರು, ಎಲ್ಲರ ಕೈಗಳೂ ಮೊದಲನೆಯದಕ್ಕೆ ಪಟಪಟನೆ ಎದ್ದವು. ಮದುವೆಯೇ ಆಗದ ಇಬ್ಬರು ಕೂಡ ಎತ್ತಿದರು. ಪಕ್ಷಿಕೆರೆಯ ನಮ್ಮ ಅದ್ದು ಎರಡೂ ಕೈ ಎತ್ತಿದ. ಹೆಂಡತಿ ಜೊತೆ ವರ್ಷಕ್ಕೆ ಒಂದು ತಿಂಗಳು ಇರುತ್ತಾನೆ, ಅದರಲ್ಲಿ ಅರ್ಧ ತಿಂಗಳು ಜಗಳ, ಆದರೂ ಎರಡು ಕೈ. ಎರಡನೆಯದು ಯಾರಿಗೆ ಎಂದು ಸಾಹೇಬ ಸುಮ್ಮನೆ ಕ್ರಮಕ್ಕೆ ಕೇಳಿದ. ಆಗ ಮೇಲೆದ್ದದ್ದು ನನ್ನ ಕೈ ಒಂದೇ.

ಶೆಡ್ಡಿಗೆ ಶೆಡ್ಡೇ ನಕ್ಕಿತು. ಊಟದ ಹೊತ್ತಿಗೆ ಅದ್ದು ಎಲ್ಲರಿಗೂ ಕೇಳುವ ಹಾಗೆ “ಎಂತ ಮಾರಾಯಾ ಇಸ್ಮಾಯಿಲ್, ಹೆಂಡತಿಗೆ ಗಂಡು ನೋಡಿ ಇಟ್ಟಿದ್ದೀಯಾ?” ಎಂದ. ಸಾರಿನ ಬಟ್ಟಲು ಅವನ ತಲೆಗೆ ಕವುಚಬೇಕೆಂದು ಕಂಡಿತು. ಅವತ್ತು ಅಪರೂಪಕ್ಕೆ ಒಳ್ಳೆಯ ಮೀನುಸಾರು, ದಂಡ ಮಾಡುವುದು ಬೇಡವೆಂದು ಬಿಟ್ಟೆ. ಅವನು ಮುಂದಿನ ವಾರ ರಜೆಯಲ್ಲಿ ಊರಿಗೆ ಬರುತ್ತಿದ್ದಾನೆ. ಬಸ್ಸಿಳಿದವನು ಮನೆಗೆ ಹೋಗುವ ಮೊದಲೇ ಇದನ್ನು ಹೇಳಿ ಮುಗಿಸುತ್ತಾನೆ. ನಿನ್ನ ಗಂಡನಿಗೆ ನಿನ್ನ ಮೇಲೆ ನಂಬಿಕೆ ಇಲ್ಲವಂತೆ ಎಂದು ಯಾರೋ ಬಾವಿಕಟ್ಟೆಯಲ್ಲಿ ನಿನಗೆ ಹೇಳುವ ಮೊದಲು ನನ್ನ ಮಾತು ನಿನ್ನ ಕೈ ಸೇರಬೇಕು. ಅದಕ್ಕೇ ಈ ಪತ್ರವನ್ನು ಟಪಾಲಿಗೆ ಹಾಕದೆ, ಇವತ್ತೇ ಊರಿಗೆ ಹೊರಡುವ ಪ್ಲಾಸಿಡರ ಕೈಯಲ್ಲಿ ಕೊಡುತ್ತಿದ್ದೇನೆ.

ಯಾಕೆ ಎತ್ತಿದೆ ಎಂದು ಕೇಳುತ್ತೀ. ನಮ್ಮ ಖದೀಜತ್ ಅಕ್ಕನಿಗಾಗಿ. ನೀನು ಮದುವೆಯಾಗಿ ಬರುವುದಕ್ಕೆ ಎಷ್ಟೋ ಮೊದಲಿನ ಮಾತು. ಭಾವ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸದಲ್ಲಿರುವಾಗಲೇ ತೀರಿಹೋದರು. ಹೋಟೆಲಿನ ಧಣಿ ಒಳ್ಳೆಯ ಮನುಷ್ಯ, ಅಕ್ಕನ ಹೆಸರಿಗೆ ತಿಂಗಳು ತಿಂಗಳು ಮನಿಯಾರ್ಡರ್ ಮಾಡುತ್ತಿದ್ದರು. ಸ್ವಲ್ಪ ಸಮಯ ಕಳೆದ ಮೇಲೆ ಕಿನ್ನಿಗೋಳಿಯ ಬಟ್ಟೆ ಅಂಗಡಿಯವರೊಬ್ಬರು ಅಕ್ಕನನ್ನು ಕೇಳಿಕೊಂಡು ಮನೆಗೆ ಬಂದರು. ಅವರಿಗೆ ಶರಬತ್ತು ತಂದುಕೊಟ್ಟದ್ದು ನಾನೇ. ಅಕ್ಕನಿಗೂ ಮನಸ್ಸಿತ್ತು. ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು ಅವಳು ನಕ್ಕದ್ದನ್ನು ನಾನು ಕಂಡಿದ್ದೇನೆ. ಆದರೆ ನಿಕಾಹ್ ಆದರೆ ಮನಿಯಾರ್ಡರ್ ನಿಲ್ಲುತ್ತದೆ ಎಂದು ಹಿರಿಯರು ಅವರನ್ನು ಬರಿಗೈಯಲ್ಲಿ ಕಳಿಸಿದರು. ಅಕ್ಕನನ್ನು ಒಂದು ಮಾತು ಯಾರೂ ಕೇಳಲಿಲ್ಲ. ನಾನು ಶಾಲೆ ಕಲಿತದ್ದು, ಉಮ್ಮ ಮನೆ ನಡೆಸಿದ್ದು ಎಲ್ಲ ಅದೇ ದುಡ್ಡಿನಲ್ಲಿ. ಕಡೆಗೆ ಧಣಿ ತೀರಿಹೋದರು, ಅವರ ಮಕ್ಕಳು ಕಳಿಸುವುದನ್ನು ನಿಲ್ಲಿಸಿದರು. ಅಕ್ಕ ಈಗಲೂ ಹಿಂದಿನ ಕೋಣೆಯಲ್ಲಿ ಊರಿನವರ ರವಿಕೆ ಹೊಲಿಯುತ್ತಿದ್ದಾಳೆ. ಎಲ್ಲರೂ ನಗುತ್ತಾ ಕೈ ಎತ್ತುವಾಗ ನನಗೆ ಸಿಟ್ಟು ಬಂತು ಝಾಹಿದಾ, ತುಂಬಾ ಸಿಟ್ಟು ಬಂತು.

ಅಕ್ಕನನ್ನು ಯಾರೂ ಕೇಳಲಿಲ್ಲ ಎಂದು ಈಗಷ್ಟೇ ಬರೆದೆ. ಹಾಗಾಗಿ ನಿನ್ನನ್ನು ಕೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಕೈ ಎತ್ತಿದ್ದು ಅಭಿಪ್ರಾಯಕ್ಕೆ ಮಾತ್ರ. ನನ್ನದು ಒಂದೇ ಕೈ ಎಂದು ನೋಡಿ ಸಾಹೇಬ, ಅವರವರಿಗೆ ಬೇಕಾದ್ದಕ್ಕೆ ಅವರವರೇ ಸಹಿ ಹಾಕಬಹುದು, ಏಪ್ರಿಲ್‌ವರೆಗೆ ಸಮಯವಿದೆ ಎಂದ. ಎರಡನೆಯದಕ್ಕೆ ಸಹಿ ಹಾಕಿದರೆ ಕಡಿಮೆಯಾಗುವುದು ನಿನ್ನ ಮತ್ತು ಮಗಳ ತುತ್ತು. ಯೋಚನೆ ಮಾಡಿ ನಿನ್ನ ಮನಸ್ಸಿನಲ್ಲಿ ಇದ್ದದ್ದನ್ನು ಬರೆ. ನನಗೆ ಖುಷಿಯಾಗಲಿ ಎಂದು ಬರೆಯಬೇಡ. ಅಳುವುದೂ ಬೇಡ, ಸಾಯುವ ಅಂದಾಜು ನನಗೆ ಸದ್ಯಕ್ಕಿಲ್ಲ.

ಉಮ್ಮನಿಗೆ, ಅಕ್ಕನಿಗೆ ನನ್ನ ಸಲಾಮ್. ಆಯಿಶತ್‌ಳಿಗೆ ಬಾಪನ ಮುತ್ತು. ಅಲ್ಲಾಹನು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ಇಸ್ಮಾಯಿಲ್

ಮರೆತದ್ದು: ಕಂಪೆನಿ ಬಸ್ಸು ಬಂದಿದೆ, ಪ್ಲಾಸಿಡರು ಕೊಡು ಕೊಡು ಎನ್ನುತ್ತಿದ್ದಾರೆ. ಇಷ್ಟುದ್ದ ಬರೆದೂ ಬರೆಯಬೇಕಾದ್ದನ್ನು ಬರೆಯಲಿಲ್ಲ. ಹಾಗೇನಾದರೂ ಆಗಿಯೇ ಹೋದರೆ ಅತ್ತುಬಿಡು, ಮನೆಯೊಳಗೆ ಕೂತು ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಸು. ಆಮೇಲೆ ಒಳ್ಳೆಯವನೊಬ್ಬ ಕೇಳಿಕೊಂಡು ಬಂದರೆ, ಉಮ್ಮ ಏನೇ ಹೇಳಲಿ, ಹೂಂ ಎನ್ನು. ನಮ್ಮ ಮಗಳನ್ನು ನೋಡಿಕೊಳ್ಳುವವನೇ ಎಂದು ವಿಚಾರಿಸು. ಗಲ್ಫಿನವನು ಮಾತ್ರ ಬೇಡ. ಸಂಜೆಯಾದರೆ ಮನೆಗೆ ಬರುವವನಾಗಿರಲಿ.